ಆನಂದ್ ಪಟ್ಟಣದ ಪೋಲ್ಸನ್ ಬೆಣ್ಣೆ ಕಾರ್ಖಾನೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಕೊಡಬೇಕು ಎಂದು ಸಂಪಾದಕ ಮಂಡಳಿಯವರು ಹೇಳಿದಾಗ ನಾವು ಮೊದಲು ಹಿಂಜರಿದೆವು. ಎಸ್.ಎಸ್.ಎಲ್.ಸಿ. ಮುಗಿಸಿ ಹಟ್ಟಿ, ಗದ್ದೆ, ತೋಟ ಎಂದು ಬದುಕಿದವರು ನಾವು. ನಿರ್ದೇಶಕರಾದ ಮೇಲೆ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದ್ದು ಬಿಟ್ಟರೆ ಬರೆದು ಅಭ್ಯಾಸವಿಲ್ಲ. ಸಂಘ ಹುಟ್ಟಿದ ಕಥೆಯನ್ನು ಕಾರ್ಯದರ್ಶಿಯವರು ಇದೇ ಸಂಚಿಕೆಯಲ್ಲಿ ಬೇರೆ ಬರೆದಿದ್ದಾರೆ. ಅಧ್ಯಕ್ಷರ ಮಾತೂ ಇದೆ. ಹಾಗಾದರೆ ನಾವು ಎಂತ ಬರೆಯುವುದು ಎಂದು ಯೋಚಿಸುವಾಗ ನೆನಪಾದದ್ದು ನಮ್ಮ ಅಜ್ಜಿಯ ಅಟ್ಟದ ಮೇಲಿದ್ದ ಒಂದು ತಗಡಿನ ಡಬ್ಬಿ.

ಅಜ್ಜಿಯ ತಮ್ಮ ಮುಂಬಯಿಯಲ್ಲಿ ಹೋಟೆಲು ಕೆಲಸಕ್ಕಿದ್ದರು. ನಾವೆಲ್ಲ ಅವರನ್ನು ಮುಂಬಯಿ ಅಜ್ಜ ಎನ್ನುತ್ತಿದ್ದೆವು. ಅವರು ಯಾವುದೋ ಕಾಲದಲ್ಲಿ ಊರಿಗೆ ಬರುವಾಗ ತಂದ ಬೆಣ್ಣೆಯ ಡಬ್ಬಿ ಅದು. ಬೆಣ್ಣೆ ತಿಂದು ಮುಗಿಸಿದವರು ನಮಗಿಂತ ಹಿಂದಿನವರು. ನಾವು ಕಾಣುವಾಗ ಅದರಲ್ಲಿ ಬೆಂಡೆ, ಅಲಸಂಡೆ ಬೀಜ ಬೂದಿ ಕಲಸಿ ಇಡುತ್ತಿದ್ದರು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ 'ಪೋಲ್ಸನ್' ಎಂದು ಬರೆದಿತ್ತು. ಹೈಸ್ಕೂಲಿಗೆ ಹೋಗಿ ಇಂಗ್ಲಿಷ್ ಓದಲು ಬಂದ ಮೇಲೆ ಅದು ಯಾರೋ ಬಿಳಿ ದೊರೆಯ ಹೆಸರು ಎಂದೇ ನಾವು ತಿಳಿದುಕೊಂಡಿದ್ದೆವು. ಅಜ್ಜಿಯೂ ಹಾಗೇ ಹೇಳುತ್ತಿದ್ದರು: "ಅದು ದೊರೆಗಳ ಬೆಣ್ಣೆ, ನಮ್ಮ ಬೆಣ್ಣೆಯ ಹಾಗಲ್ಲ, ಉಪ್ಪುಪ್ಪು."

ಕೆಲವು ವರ್ಷಗಳ ಹಿಂದೆ ಒಕ್ಕೂಟದವರು ಸಂಘಗಳ ನಿರ್ದೇಶಕರನ್ನು ಗುಜರಾತಿನ ಆನಂದ್‌ಗೆ ಅಧ್ಯಯನ ಪ್ರವಾಸ ಕರೆದುಕೊಂಡು ಹೋದರು. ಕೊಂಕಣ ರೈಲಿನಲ್ಲಿ ಹೋಗಿ ಸೂರತ್, ಭರೂಚ್, ವಡೋದರಾ ದಾಟಿದರೆ ಆನಂದ್. ಅಲ್ಲಿ ಅಮುಲ್ ಡೇರಿ ತೋರಿಸುತ್ತಾ ವಿವರಿಸುತ್ತಿದ್ದವರು ಮಾತಿನ ನಡುವೆ "ಮೊದಲು ಇಲ್ಲಿ ಪೋಲ್ಸನ್ ಎಂಬ ಖಾಸಗಿ ಡೇರಿ ಇತ್ತು, ಅದರ ವಿರುದ್ಧ ರೈತರು ಹೋರಾಡಿ ಸಂಘ ಕಟ್ಟಿದರು" ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದರು. ನಮಗೆ ಅಟ್ಟದ ಡಬ್ಬಿ ನೆನಪಾಯಿತು. ಉಳಿದವರು ಯಂತ್ರ ನೋಡುತ್ತಿದ್ದರೆ ನಮ್ಮ ತಲೆಯಲ್ಲಿ ಅದೇ ಓಡುತ್ತಿತ್ತು. ಊರಿಗೆ ಬಂದ ಮೇಲೆ ಕುರಿಯನ್ನರ ಆತ್ಮಕಥೆಯನ್ನೂ ಬೇರೆ ಒಂದೆರಡು ಪುಸ್ತಕಗಳನ್ನೂ ಪೇಟೆಯ ಮೇಷ್ಟ್ರೊಬ್ಬರ ಸಹಾಯದಿಂದ ಓದಿಸಿಕೊಂಡೆವು. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಸಹಕಾರಿ ಸಭೆಗಳಲ್ಲಿ ಅಮುಲ್ ಕಥೆಯನ್ನು ನೂರು ಸಲ ಹೇಳುತ್ತಾರೆ. ಪೋಲ್ಸನ್ನನ ಕಥೆಯನ್ನು ಯಾರೂ ಹೇಳುವುದಿಲ್ಲ. ಸೋತವರ ಕಥೆ ಯಾರಿಗೆ ಬೇಕು? ಆದರೆ ಅದನ್ನು ತಿಳಿಯದೆ ನಮ್ಮ ಕಥೆ ಪೂರ್ತಿ ಅರ್ಥವಾಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲಿಗೆ, ಪೋಲ್ಸನ್ ಎಂಬ ದೊರೆ ಯಾರೂ ಇರಲಿಲ್ಲ. ಕಾರ್ಖಾನೆಯ ಒಡೆಯ ಪೆಸ್ತನ್‌ಜಿ ಎದುಲ್‌ಜಿ ದಲಾಲ್ ಎಂಬ ಮುಂಬಯಿಯ ಪಾರ್ಸಿ. 1888ರಲ್ಲಿ, ಇನ್ನೂ ಹದಿಮೂರು ವರ್ಷದ ಹುಡುಗನಾಗಿರುವಾಗಲೇ, ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ಸಣ್ಣ ಅಂಗಡಿ ಇಟ್ಟವರು. ನಮ್ಮ ಮಕ್ಕಳು ಆ ವಯಸ್ಸಿನಲ್ಲಿ ಏಳನೇ ಎಂಟನೇ ಕ್ಲಾಸಿನಲ್ಲಿರುತ್ತಾರೆ. ಮನೆಯಲ್ಲೂ ಗೆಳೆಯರಲ್ಲೂ ಅವರನ್ನು 'ಪಾಲಿ' ಎಂದು ಕರೆಯುತ್ತಿದ್ದರಂತೆ. ಗಿರಾಕಿಗಳು ಹೆಚ್ಚಿನವರು ಇಂಗ್ಲಿಷರು. ಅವರಿಗೆ ತಮ್ಮವರದೇ ಅಂಗಡಿ ಎಂದು ಅನ್ನಿಸಲಿ ಎಂದು ಪಾಲಿಯನ್ನು 'ಪೋಲ್ಸನ್' ಮಾಡಿದರು. ವ್ಯಾಪಾರದ ಬುದ್ಧಿ ಎಂದರೆ ಅದು. ಕಾಫಿಗೆ ಚಿಕೋರಿ ಸೇರಿಸಿ 'ಫ್ರೆಂಚ್ ಕಾಫಿ' ಎಂದು ಮಾರಿದರು, ಅದೂ ಓಡಿತು.

ಕಾಫಿಯಿಂದ ಬೆಣ್ಣೆಗೆ ಬಂದದ್ದು ಸೈನ್ಯದ ದೆಸೆಯಿಂದ. ಬ್ರಿಟಿಷ್ ಸಿಪಾಯಿಗಳಿಗೆ ಬ್ರೆಡ್ಡಿಗೆ ಹಚ್ಚಲು ಬೆಣ್ಣೆ ಬೇಕು, ಅದೂ ಎಷ್ಟು ಬೇಕಾದರೂ ಬೇಕು. ಮೊದಲನೇ ಮಹಾಯುದ್ಧದ ಕಾಲಕ್ಕೆ ಪೆಸ್ತನ್‌ಜಿಯವರು ಬೆಣ್ಣೆಯ ವ್ಯಾಪಾರದಲ್ಲಿ ಕಾಲೂರಿದ್ದರು. ಬೆಣ್ಣೆಗೆ ಕೆನೆ ಬೇಕು, ಕೆನೆಗೆ ಎಮ್ಮೆ ಬೇಕು. ಎಮ್ಮೆ ಇದ್ದದ್ದು ಗುಜರಾತಿನ ಖೇಡಾ ಜಿಲ್ಲೆಯಲ್ಲಿ. ಆಗ ಅದನ್ನು ಕೈರಾ ಎಂದೂ ಹೇಳುತ್ತಿದ್ದರು. ಅಲ್ಲಿಯ ಚರೋತರ್ ಸೀಮೆ ಒಳ್ಳೆಯ ಮಣ್ಣು, ಹೊಗೆಸೊಪ್ಪಿನ ಬೆಳೆ, ಮನೆಮನೆಗೆ ಸುರತಿ ಎಮ್ಮೆ. ಆನಂದ್ ಎಂಬುದು ಆ ಸೀಮೆಯ ನಡುವಿನ ಒಂದು ಸಣ್ಣ ಪೇಟೆ, ರೈಲ್ವೆ ಜಂಕ್ಷನ್. ಮುಂಬಯಿಗೆ ನೇರ ರೈಲು. 1930ರಲ್ಲಿ ಪೆಸ್ತನ್‌ಜಿಯವರು ಅಲ್ಲಿ ಹೊಸ ರೀತಿಯ ಯಂತ್ರಗಳ ಬೆಣ್ಣೆ ಕಾರ್ಖಾನೆ ಕಟ್ಟಿದರು.

ಬೆಣ್ಣೆಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕಿ ಮೊಸರು ಕಡೆದು ಬೆಣ್ಣೆ ತೆಗೆಯುತ್ತೇವೆ. ಕಾರ್ಖಾನೆಯಲ್ಲಿ ಹಾಗಲ್ಲ. ಹಾಲನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೆನೆ ಬೇರೆ, ತೆಳು ಹಾಲು ಬೇರೆ ಆಗುತ್ತದೆ. ಆ ಕೆನೆಯನ್ನು ಕಡೆದರೆ ಬೆಣ್ಣೆ. ಪೋಲ್ಸನ್ ಕಾರ್ಖಾನೆಯವರು ಕೆನೆಯನ್ನು ಕೆಲವು ದಿನ ಹುಳಿಯಾಗಲು ಬಿಟ್ಟು ಆಮೇಲೆ ಕಡೆಯುತ್ತಿದ್ದರು. ಅದರಿಂದ ಬೆಣ್ಣೆಗೆ ಒಂದು ಗಾಢ ವಾಸನೆ ಬರುತ್ತಿತ್ತು. ಕೆಡದಿರಲು ಉಪ್ಪು ಜಾಸ್ತಿ. ಬಣ್ಣ ಹಳದಿ. ಎಮ್ಮೆ ಬೆಣ್ಣೆ ಸ್ವಭಾವತಃ ಬಿಳಿ ಎಂದು ನಮಗೆಲ್ಲ ಗೊತ್ತು. ಹುಲ್ಲಿನ ಹಳದಿ ಅಂಶವನ್ನು ಹಸು ಹಾಗೆಯೇ ಸ್ವಲ್ಪ ಹಾಲಿಗೆ ಬಿಡುತ್ತದೆ, ಎಮ್ಮೆ ಬಿಡುವುದಿಲ್ಲ, ಅದನ್ನು ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ. ಆದರೆ ವಿಲಾಯಿತಿಯವರಿಗೆ ಬೆಣ್ಣೆ ಎಂದರೆ ಹಳದಿ. ಅವರಿಗೆ ಬೇಕಾದ್ದನ್ನು ಪೆಸ್ತನ್‌ಜಿ ಕೊಟ್ಟರು. ಕ್ರಮೇಣ ಮುಂಬಯಿಯವರಿಗೂ ಅದೇ ರುಚಿ ಅಭ್ಯಾಸವಾಯಿತು. ಬೆಣ್ಣೆ ಎಂದರೆ ಪೋಲ್ಸನ್, ಪೋಲ್ಸನ್ ಎಂದರೆ ಬೆಣ್ಣೆ. ನಮ್ಮ ಮುಂಬಯಿ ಅಜ್ಜನೂ ಊರಿಗೆ ತಂದದ್ದು ಅದನ್ನೇ.

ಇಲ್ಲಿಯವರೆಗೆ ಓದಿದರೆ ಇದು ಮೆಚ್ಚಬೇಕಾದ ಕಥೆ. ಬರಿಗೈಯಲ್ಲಿ ಶುರು ಮಾಡಿದ ಹುಡುಗ ಸ್ವಂತ ಬುದ್ಧಿಯಿಂದ ಒಂದು ಸಣ್ಣ ಪೇಟೆಯಲ್ಲಿ ಅಷ್ಟು ದೊಡ್ಡ ಕಾರ್ಖಾನೆ ಕಟ್ಟಿದ್ದು ಸಣ್ಣ ಸಂಗತಿಯಲ್ಲ. ನಮ್ಮ ಸಹಕಾರಿ ಭಾಷಣಗಳಲ್ಲಿ ಅವರನ್ನು ರಾಕ್ಷಸನ ಹಾಗೆ ತೋರಿಸುವುದು ನಮಗೆ ಸರಿ ಕಾಣುವುದಿಲ್ಲ. ಸರಕು ಚೆನ್ನಾಗಿತ್ತು, ಕಾರ್ಖಾನೆ ಚೆನ್ನಾಗಿತ್ತು. ಕೊರತೆ ಇದ್ದದ್ದು ಬೇರೆ ಕಡೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಮುಂಬಯಿ ಪಟ್ಟಣಕ್ಕೆ ಹಾಲಿನ ತಾಪತ್ರಯ. 1945ರಲ್ಲಿ ಮುಂಬಯಿ ಸರಕಾರ 'ಬಾಂಬೆ ಮಿಲ್ಕ್ ಸ್ಕೀಮ್' ಶುರು ಮಾಡಿತು. ಆನಂದ್‌ನಿಂದ ಮುಂಬಯಿಗೆ ಹಾಲು ತರುವುದು, ದೂರ 427 ಕಿಲೋಮೀಟರು. ಹಾಲನ್ನು ಬಿಸಿ ಮಾಡಿ, ತಣ್ಣಗೆ ಮಾಡಿ ಕಳಿಸದಿದ್ದರೆ ದಾರಿಯಲ್ಲೇ ಒಡೆದುಹೋಗುತ್ತದೆ. ಪಾಶ್ಚರೀಕರಣ ಎಂದರೆ ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಅಥವಾ 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಕಾಯಿಸಿ ಕೂಡಲೇ ತಣಿಸುವುದು. ಆ ಕೆಲಸಕ್ಕೆ ಬೇಕಾದ ಯಂತ್ರ ಪೋಲ್ಸನ್ ಕಾರ್ಖಾನೆಯಲ್ಲಿ ತಯಾರಿತ್ತು. ಸರಕಾರ ಅವರೊಂದಿಗೆ ಕರಾರು ಮಾಡಿಕೊಂಡಿತು. ಆನಂದ್ ಸುತ್ತಲಿನ ಹಾಲನ್ನು ಕೊಳ್ಳುವ ಹಕ್ಕು ಪೋಲ್ಸನ್‌ಗೆ ಸಿಕ್ಕಿತು.

ಈ ಏರ್ಪಾಡಿನಲ್ಲಿ ಸರಕಾರಕ್ಕೆ ಸಮಾಧಾನ, ಮುಂಬಯಿಯವರಿಗೆ ಹಾಲು, ಪೋಲ್ಸನ್‌ಗೆ ಲಾಭ. ಹಳ್ಳಿಯಿಂದ ಹಾಲು ಒಟ್ಟು ಮಾಡಿ ಕೊಡುವ ಗುತ್ತಿಗೆದಾರರಿಗೆ ಎಲ್ಲರಿಗಿಂತ ದೊಡ್ಡ ಪಾಲು. ಎಮ್ಮೆ ಸಾಕಿದವನಿಗೆ ಮಾತ್ರ ಏನೂ ಹೆಚ್ಚಾಗಲಿಲ್ಲ. ಮುಂಬಯಿಯಲ್ಲಿ ಹಾಲಿನ ರೇಟು ಎಷ್ಟು, ಹಳ್ಳಿಯಲ್ಲಿ ತನಗೆ ಸಿಗುವುದು ಎಷ್ಟು ಎಂದು ಕೇಳುವ ಬಾಯಿ ಅವನಿಗೆ ಇರಲಿಲ್ಲ. ಕೊಡುವುದಿಲ್ಲ ಎಂದು ಹಿಡಿದಿಟ್ಟುಕೊಳ್ಳೋಣವೆಂದರೆ ಹಾಲು ಅಡಿಕೆಯಲ್ಲ, ಭತ್ತವಲ್ಲ. ಬೆಳಿಗ್ಗೆ ಕರೆದದ್ದು ಮಧ್ಯಾಹ್ನಕ್ಕೆ ಹುಳಿ. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಹಾಲು ಕೊಡುವಾಗ ಕೊಳ್ಳುವವನ ಜೋರು ಇನ್ನೂ ಜಾಸ್ತಿ.

ಇದನ್ನು ಬರೆಯುವಾಗ ನಮ್ಮದೇ ಮನೆಯ ಒಂದು ಸಂಗತಿ ಹೇಳದಿದ್ದರೆ ಆಗುವುದಿಲ್ಲ. ನಮ್ಮ ಊರಿಗೆ ಸಂಘ ಬರುವ ಮೊದಲು ಅಪ್ಪ ಪೇಟೆಯ ಒಂದು ಹೋಟೆಲಿಗೆ ವರ್ತನೆ ಹಾಲು ಕೊಡುತ್ತಿದ್ದರು. ಹೆಸರು ಬೇಡ, ಈಗ ಆ ಹೋಟೆಲೂ ಇಲ್ಲ. ಒಂದು ಜರ್ಸಿ ದನ ತೆಗೆದುಕೊಳ್ಳಲು ಅಪ್ಪ ಅವರ ಕೈಯಿಂದಲೇ ಮುಂಗಡ ಹಣ ತಂದಿದ್ದರು. ಅಂದಿನಿಂದ ಅವರು ಹೇಳಿದ್ದೇ ರೇಟು. ಅಳತೆಯೂ ಅವರ ಪಾತ್ರೆಯಲ್ಲೇ. ಶಾಲೆಗೆ ಹೋಗುವಾಗ ಹಾಲು ಒಯ್ಯುವುದು ನಮ್ಮ ಕೆಲಸ. ಮೂರು ಮೈಲಿ ನಡೆದು ಹೋಗಿ ಹಾಲಿನ ಕ್ಯಾನು ಇಳಿಸಿದರೆ ಕೆಲವು ದಿನ "ಇವತ್ತು ಹಾಲು ಬೇಡ ಮಾಣಿ, ನಿನ್ನೆಯದ್ದೇ ಉಳಿದಿದೆ" ಎಂದು ವಾಪಸು ಕಳಿಸುತ್ತಿದ್ದರು. ಶಾಲೆಗೆ ಹೊತ್ತಾಗುತ್ತದೆ, ಮನೆಗೆ ಹೋಗಲಿಕ್ಕೆ ಆಗುವುದಿಲ್ಲ. ಒಮ್ಮೆ ಕ್ಯಾನನ್ನು ಶಾಲೆಯ ಬಾವಿಕಟ್ಟೆಯ ನೆರಳಿನಲ್ಲಿಟ್ಟು ಕ್ಲಾಸಿಗೆ ಹೋದೆವು. ಸಂಜೆ ನೋಡುವಾಗ ಹಾಲು ಒಡೆದಿತ್ತು. ಮನೆಗೆ ಬಂದಾಗ ಅಮ್ಮ ಒಂದು ಮಾತೂ ಆಡಲಿಲ್ಲ, ಕರುವಿನ ಬಾನಿಗೆ ಸುರಿದರು. ಆ ದಿನ ಕರುವಿಗೆ ಕುಡಿಯಲು ಬಿಡದೆ ಕರೆದ ಹಾಲು ಅದು. ಹೋಟೆಲಿನವರು ಕೆಟ್ಟವರು ಎಂದು ನಾವು ಹೇಳುವುದಿಲ್ಲ, ಹಬ್ಬಕ್ಕೆ ನಮಗೆ ಸಿಹಿ ಕಟ್ಟಿ ಕೊಟ್ಟದ್ದೂ ಉಂಟು. ಆದರೆ ಕೊಳ್ಳುವವನು ಒಬ್ಬನೇ ಆದಾಗ ಅವನ ಒಳ್ಳೆಯತನವನ್ನು ನಂಬಿಕೊಂಡೇ ಕೂರಬೇಕಾಗುತ್ತದೆ. ಖೇಡಾದ ರೈತರದ್ದೂ ಅದೇ ಗತಿ, ದೊಡ್ಡ ಪ್ರಮಾಣದಲ್ಲಿ, ಸರಕಾರದ ಮೊಹರಿನ ಸಮೇತ.

ಆದರೆ ಆ ಜಿಲ್ಲೆಯವರು ಸುಮ್ಮನೆ ಕೂರುವ ಜನವಲ್ಲ. 1918ರಲ್ಲಿ ಗಾಂಧೀಜಿ ಮತ್ತು ವಲ್ಲಭಭಾಯಿ ಪಟೇಲರ ಜತೆ ನಿಂತು ಕಂದಾಯ ಕೊಡುವುದಿಲ್ಲ ಎಂದು ಖೇಡಾ ಸತ್ಯಾಗ್ರಹ ಮಾಡಿದವರು. ಅವರು ಮತ್ತೆ ಸರದಾರ್ ಪಟೇಲರ ಬಳಿ ಹೋದರು. ರೈತರೇ ಸಹಕಾರ ಸಂಘ ಮಾಡಿಕೊಂಡು ತಮ್ಮ ಹಾಲನ್ನು ತಾವೇ ಮಾರಬೇಕು ಎಂದು ಸರದಾರರು 1942ರಿಂದಲೇ ಹೇಳುತ್ತಿದ್ದರು. ಈಗಲೂ ಅದನ್ನೇ ಹೇಳಿದರು: ನಿಮ್ಮದೇ ಸಂಘ, ನಿಮ್ಮದೇ ಪಾಶ್ಚರೀಕರಣ ಘಟಕ ಮಾಡಿ, ಸರಕಾರ ಒಪ್ಪದಿದ್ದರೆ ಹಾಲು ಕೊಡುವುದನ್ನು ನಿಲ್ಲಿಸಿ, ಆದರೆ ಮುಷ್ಕರ ಮಾಡಿದರೆ ಕೆಲವು ದಿನ ನಷ್ಟವಾಗುತ್ತದೆ, ಅದಕ್ಕೆ ತಯಾರಿದ್ದೀರಾ ಎಂದೂ ಕೇಳಿದರು. ಈ ಕೊನೆಯ ಮಾತನ್ನು ನಾವು ಬಹಳ ಮೆಚ್ಚುತ್ತೇವೆ. ಈಗಿನ ನಾಯಕರು ನಷ್ಟದ ಮಾತು ಎತ್ತುವುದೇ ಇಲ್ಲ.

ತಮ್ಮ ಪ್ರತಿನಿಧಿಯಾಗಿ ಸರದಾರರು ಮೊರಾರ್ಜಿ ದೇಸಾಯಿಯವರನ್ನು ಕಳಿಸಿದರು. 1946ರ ಜನವರಿ 4ರಂದು ಸಮರ್ಖಾ ಎಂಬ ಹಳ್ಳಿಯಲ್ಲಿ ರೈತರ ಸಭೆ ನಡೆಯಿತು. ಹಳ್ಳಿ ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘ, ಅವೆಲ್ಲ ಸೇರಿ ಒಂದು ಒಕ್ಕೂಟ, ಸರಕಾರ ಹಾಲನ್ನು ಆ ಒಕ್ಕೂಟದಿಂದಲೇ ಕೊಳ್ಳಬೇಕು, ಇಲ್ಲವಾದರೆ ಜಿಲ್ಲೆಯ ಯಾವ ರೈತನೂ ಯಾವ ಗುತ್ತಿಗೆದಾರನಿಗೂ ಹಾಲು ಕೊಡುವುದಿಲ್ಲ ಎಂದು ಠರಾವು ಆಯಿತು. ಸರಕಾರ ಒಪ್ಪಲಿಲ್ಲ. ಮುಷ್ಕರ ಶುರುವಾಯಿತು.

ಹದಿನೈದು ದಿನ ಒಂದು ತೊಟ್ಟು ಹಾಲೂ ವ್ಯಾಪಾರಿಗಳಿಗೆ ಹೋಗಲಿಲ್ಲ. ಹೇಳುವುದು ಸುಲಭ. ಹಾಲು ಕರೆಯುವವರಿಗೆ ಹದಿನೈದು ದಿನ ಎಂದರೆ ಎಷ್ಟೆಂದು ಗೊತ್ತು. ಮುಷ್ಕರ ಉಂಟು ಅಂತ ಎಮ್ಮೆ ಕೆಚ್ಚಲು ಒಣಗಿಸಿಕೊಳ್ಳುವುದಿಲ್ಲ. ಎರಡು ಹೊತ್ತೂ ಕರೆಯಲೇಬೇಕು, ಹಿಂಡಿ ಹುಲ್ಲು ಹಾಕಲೇಬೇಕು, ಕೈಗೆ ಕಾಸಿಲ್ಲ. ಆದರೂ ಹಿಡಿದ ಪಟ್ಟು ಬಿಡಲಿಲ್ಲ. ಆನಂದ್‌ನಿಂದ ಮುಂಬಯಿಗೆ ಹಾಲು ನಿಂತುಹೋಯಿತು, ಹಾಲಿನ ಯೋಜನೆಯೇ ಕುಸಿಯುವ ಹಾಗಾಯಿತು. ಕೊನೆಗೆ ಮುಂಬಯಿಯ ಹಾಲು ಆಯುಕ್ತರಾಗಿದ್ದ ಇಂಗ್ಲಿಷ್ ಅಧಿಕಾರಿ ತಮ್ಮ ಸಹಾಯಕರ ಜತೆ ಆನಂದ್‌ಗೆ ಬಂದು ನೋಡಿ, ರೈತರ ಬೇಡಿಕೆಗೆ ಒಪ್ಪಿಕೊಂಡರು. 1946ರ ಡಿಸೆಂಬರ್ 14ರಂದು ಕೈರಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ನೋಂದಣಿಯಾಯಿತು. ಅಧ್ಯಕ್ಷರು ಆನಂದ್‌ನವರೇ ಆದ ತ್ರಿಭುವನದಾಸ್ ಪಟೇಲ್, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು.

ಗೆದ್ದ ಕೂಡಲೇ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಪೋಲ್ಸನ್ ಕಾರ್ಖಾನೆ ಗಟ್ಟಿಯಾಗಿಯೇ ನಿಂತಿತ್ತು. ಒಕ್ಕೂಟದ ಬಳಿ ಇದ್ದದ್ದು ಸರಕಾರದ ಹಳೆಯ ಕ್ರೀಮರಿಯಲ್ಲಿ ಬಾಡಿಗೆಗೆ ಪಡೆದ ಲಡಕಾಸಿ ಯಂತ್ರ. 1948ರ ಜೂನ್‌ನಲ್ಲಿ ಒಕ್ಕೂಟ ಹಾಲು ಪಾಶ್ಚರೀಕರಣ ಶುರು ಮಾಡುವಾಗ ಇದ್ದದ್ದು ಎರಡೇ ಹಳ್ಳಿ ಸಂಘಗಳು, ದಿನಕ್ಕೆ 250 ಲೀಟರು ಹಾಲು. ನಮ್ಮ ಸಂಘದಲ್ಲಿ ಒಂದು ಬೆಳಗಿಗೆ ಬರುವುದು ಅದಕ್ಕಿಂತ ಜಾಸ್ತಿ! ಆ ವರ್ಷದ ಕೊನೆಗೆ 432 ಸದಸ್ಯರು, 5000 ಲೀಟರು ಆಯಿತು.

1949ರ ಮೇ 13ರಂದು ಆ ಸರಕಾರಿ ಕ್ರೀಮರಿಗೆ ಕೆಲಸಕ್ಕೆಂದು ಬಂದವರೇ ವರ್ಗೀಸ್ ಕುರಿಯನ್. ಸರಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದಲ್ಲಿ ಓದಿದ ಇಂಜಿನಿಯರು. ಅಮೆರಿಕಕ್ಕೆ ಹೋಗುವ ಮೊದಲು ಸ್ವಲ್ಪ ಕಾಲ ತರಬೇತಿ ಪಡೆದದ್ದು ನಮ್ಮ ಬೆಂಗಳೂರಿನ ಇಂಪೀರಿಯಲ್ ಪಶುಪಾಲನಾ ಸಂಸ್ಥೆಯಲ್ಲಿ. 1927ರಲ್ಲಿ ಗಾಂಧೀಜಿಯವರು ಹಸು ಸಾಕಣೆ ತಿಳಿಯಲು ಹೋಗಿದ್ದ ಸಂಸ್ಥೆ ಅದೇ. ಕುರಿಯನ್ನರಿಗೆ ಆನಂದ್ ಸ್ವಲ್ಪವೂ ಇಷ್ಟವಿರಲಿಲ್ಲ. ಮಾಂಸ ತಿನ್ನುವ, ಮದುವೆಯಾಗದ, ಕ್ರೈಸ್ತ ಹುಡುಗನಿಗೆ ಆ ಪೇಟೆಯಲ್ಲಿ ಯಾರೂ ಮನೆ ಬಾಡಿಗೆಗೆ ಕೊಡಲಿಲ್ಲ, ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ವಾಸ. ಬಾಂಡಿನ ಅವಧಿ ಮುಗಿದರೆ ಸಾಕು ಎಂದಿದ್ದರು. ಪಕ್ಕದಲ್ಲೇ ಒಕ್ಕೂಟದ ಹಳೆ ಯಂತ್ರ ದಿನಾ ಕೆಟ್ಟು ನಿಲ್ಲುತ್ತಿತ್ತು, ತ್ರಿಭುವನದಾಸರು ಬಂದು ಕರೆಯುತ್ತಿದ್ದರು, ಇವರು ಹೋಗಿ ರಿಪೇರಿ ಮಾಡಿ ಕೊಡುತ್ತಿದ್ದರು. ಕೊನೆಗೆ ಈ ಗುಜರಿಯನ್ನು ಎಸೆದು ಹೊಸ ಯಂತ್ರ ತನ್ನಿ ಎಂದರು. ತ್ರಿಭುವನದಾಸರು ಹೇಗೋ ಹಣ ಹೊಂದಿಸಿ ತರಿಸಿದರು. ಹೊರಟು ನಿಂತ ಕುರಿಯನ್ನರನ್ನು ಯಂತ್ರ ಕೂರಿಸಿ ಹೋಗಿ ಎಂದು ನಿಲ್ಲಿಸಿಕೊಂಡರು. ನಿಂತವರು ಕೊನೆಯವರೆಗೂ ಆನಂದ್‌ನಲ್ಲೇ ಉಳಿದರು.

ಮುಂದಿನ ಕಥೆ ನಿಮಗೆ ಗೊತ್ತು, ಬೇಗ ಹೇಳಿ ಮುಗಿಸುತ್ತೇವೆ. ಚಳಿಗಾಲದಲ್ಲಿ ಹಾಲು ದುಪ್ಪಟ್ಟು ಬರುತ್ತಿತ್ತು, ಮುಂಬಯಿ ಅಷ್ಟನ್ನು ಕೊಳ್ಳುತ್ತಿರಲಿಲ್ಲ. ಉಳಿದ ಹಾಲನ್ನು ಬೆಣ್ಣೆ, ಪುಡಿ ಮಾಡುವ ಕಾರ್ಖಾನೆ ಬೇಕಾಯಿತು. 1954ರ ನವೆಂಬರ್ 15ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಶಂಕುಸ್ಥಾಪನೆ ಮಾಡಿದರು, 1955ರ ಅಕ್ಟೋಬರ್ 31ರಂದು ಸರದಾರರ ಹುಟ್ಟುಹಬ್ಬದ ದಿನ ನೆಹರೂ ಉದ್ಘಾಟಿಸಿದರು. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ವಿದೇಶಿ ತಜ್ಞರು ಹೇಳುತ್ತಿದ್ದರು, ಕುರಿಯನ್ನರ ಗೆಳೆಯ ಎಚ್.ಎಂ. ದಲಾಯಾ ಮಾಡಿ ತೋರಿಸಿದರು.

ಆದರೆ ಬೆಣ್ಣೆಯ ವಿಷಯದಲ್ಲಿ ಒಂದು ತಮಾಷೆಯಾಯಿತು. ಒಕ್ಕೂಟದ ಬೆಣ್ಣೆ ತಾಜಾ ಕೆನೆಯದ್ದು, ಬಿಳಿ ಬಣ್ಣ, ಉಪ್ಪಿಲ್ಲ. ನಮ್ಮ ಹಳ್ಳಿಯ ಲೆಕ್ಕದಲ್ಲಿ ಅದೇ ಒಳ್ಳೆಯ ಬೆಣ್ಣೆ. ಮುಂಬಯಿಯವರು ಬಾಯಿಗಿಟ್ಟು "ಇದಕ್ಕೆ ರುಚಿಯೇ ಇಲ್ಲ" ಎಂದುಬಿಟ್ಟರು. ಅವರ ನಾಲಗೆಯನ್ನು ಪೋಲ್ಸನ್ ಪಳಗಿಸಿ ಇಟ್ಟಿತ್ತು. ಕೊನೆಗೆ ಒಕ್ಕೂಟದವರೂ ಉಪ್ಪು ಸೇರಿಸಿದರು, ಹಳದಿ ಬಣ್ಣ ಸೇರಿಸಿದರು. ಇವತ್ತು ನೀವು ಅಂಗಡಿಯಲ್ಲಿ ತೆಗೆದುಕೊಳ್ಳುವ ಅಮುಲ್ ಬೆಣ್ಣೆಯ ಉಪ್ಪಿನಲ್ಲಿ, ಹಳದಿಯಲ್ಲಿ ಪೆಸ್ತನ್‌ಜಿಯವರ ಪಾಲು ಉಂಟು ಎಂದರೆ ತಪ್ಪಾಗಲಾರದು. ಪೋಲ್ಸನ್ ಜಾಹೀರಾತಿನಲ್ಲಿ ಒಬ್ಬ ಚಂದದ ಹುಡುಗಿ ಇದ್ದಳು. 1966ರಲ್ಲಿ ಅಮುಲ್‌ನವರು ಚುಕ್ಕೆ ಚುಕ್ಕೆ ಫ್ರಾಕಿನ ಪೋರಿಯನ್ನು ತಂದು ನಿಲ್ಲಿಸಿದರು. ಅವಳು ಈಗಲೂ ಇದ್ದಾಳೆ. ಪೋಲ್ಸನ್ ಹುಡುಗಿ ಯಾರಿಗೂ ನೆನಪಿಲ್ಲ.

ಪೋಲ್ಸನ್ ಬೆಣ್ಣೆ ಕ್ರಮೇಣ ಅಂಗಡಿಗಳಿಂದ ಮರೆಯಾಯಿತು. ಕಂಪನಿ ಬೇರೆಯವರ ಕೈಗೆ ಹೋಯಿತು. ಆ ಹೆಸರು ಉಳಿದದ್ದು ಚರ್ಮ ಹದ ಮಾಡುವ ಟ್ಯಾನಿನ್ ತಯಾರಿಸುವ ಕಂಪನಿಯಾಗಿ, ಕೊಲ್ಹಾಪುರ ಜಿಲ್ಲೆಯ ಕಡೆ. ಬೆಣ್ಣೆಯ ಹೆಸರು ಚರ್ಮಕ್ಕೆ ಬಂತು ನೋಡಿ.

ಸೋತದ್ದು ಯಾಕೆ ಎಂದು ನಾವು ಬಹಳ ಯೋಚಿಸಿದ್ದೇವೆ. ಯಂತ್ರ ಹಳೆಯದಾಗಿ ಅಲ್ಲ, ಬೆಣ್ಣೆ ಕೆಟ್ಟು ಅಲ್ಲ. ಕಾರ್ಖಾನೆಗೆ ಹಾಲು ಹಾಕುವವನಿಗೆ ಆ ಕಾರ್ಖಾನೆ ಉಳಿದರೂ ಒಂದೇ, ಮುಳುಗಿದರೂ ಒಂದೇ ಎಂಬಂತೆ ಇತ್ತು. ಮತ್ತೊಂದು ದಾರಿ ಕಂಡ ದಿನ ಅವನು ತಿರುಗಿಯೂ ನೋಡಲಿಲ್ಲ. ಹಳ್ಳಿ ಸಂಘದಲ್ಲಿ ಅವನ ಕಣ್ಣೆದುರೇ ಹಾಲು ಅಳೆದರು, ಜಿಡ್ಡು ಪರೀಕ್ಷೆ ಮಾಡಿದರು, ಬೆಳಗಿನ ಹಾಲಿಗೆ ಸಂಜೆ ದುಡ್ಡು ಎಣಿಸಿದರು. ಎಷ್ಟು ಬಂದರೂ ಬೇಡ ಎನ್ನಲಿಲ್ಲ. ಪೋಲ್ಸನ್ ಇಷ್ಟನ್ನು ಮಾಡಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಎಲ್ಲ ಹಾಲೂ ತನಗೇ ಬರುತ್ತದೆ ಎಂದು ಸರಕಾರದ ಕಾಗದ ಇರುವಾಗ ಅದು ಯಾರಿಗೆ ನೆನಪಾಗುತ್ತದೆ?

ಒಂದು ವಿಷಯ ನಮಗೆ ಆಶ್ಚರ್ಯ ತಂದಿತು. ಮುಂಬಯಿ ಹಾಲು ಯೋಜನೆ ಕಟ್ಟಿದ ದಾರಾ ಖುರೋಡಿ ಎಂಬ ಅಧಿಕಾರಿಗೂ ಒಕ್ಕೂಟದವರಿಗೂ ಬಹಳ ಕಾಲ ತಿಕ್ಕಾಟವಿತ್ತು, ಅವರ ಒಲವು ಪೋಲ್ಸನ್ ಕಡೆ ಎಂದು ಕುರಿಯನ್ನರ ದೂರು. 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಅದು ತ್ರಿಭುವನದಾಸ್, ಕುರಿಯನ್, ಖುರೋಡಿ ಮೂವರಿಗೂ ಒಟ್ಟಿಗೇ ಬಂತು. ಶ್ಯಾಮ್ ಬೆನೆಗಲ್ 1976ರಲ್ಲಿ ತೆಗೆದ 'ಮಂಥನ್' ಸಿನಿಮಾದಲ್ಲಿ ಖಾಸಗಿ ಡೇರಿಯ ಮಾಲಿಕನಾಗಿ ಅಮರೀಶ್ ಪುರಿ, ಸಂಘ ಕಟ್ಟುವ ಡಾಕ್ಟರ್ ರಾವ್ ಆಗಿ ನಮ್ಮ ಗಿರೀಶ್ ಕಾರ್ನಾಡರು ಇದ್ದಾರೆ. ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ತೆಗೆಸಿದ ಸಿನಿಮಾ. ನೋಡದವರು ನೋಡಬೇಕು.

ಆನಂದ್ ಮಾದರಿ ನಮ್ಮಲ್ಲಿಗೆ ಬಂದ ಬಗೆ ಹೀಗೆ: 1964ರ ಅಕ್ಟೋಬರಿನಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆನಂದ್ ಸಮೀಪದ ಅಜರ್‌ಪುರ ಎಂಬ ಹಳ್ಳಿಯಲ್ಲಿ ರೈತನ ಮನೆಯಲ್ಲಿ ಒಂದು ರಾತ್ರಿ ಉಳಿದು ಎಲ್ಲ ಕೇಳಿ ತಿಳಿದು, ದೇಶಕ್ಕೆಲ್ಲ ಇದು ಆಗಬೇಕು ಎಂದರು. 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ, 1970ರಲ್ಲಿ ಕ್ಷೀರಧಾರೆ ಯೋಜನೆ, 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದ ಹೈನುಗಾರಿಕೆ ಯೋಜನೆ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ. ಸಹಕಾರ ನಮಗೆ ಹೊಸತೇನಲ್ಲ, ಗದಗ ಕಡೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲೇ ಪತ್ತಿನ ಸಂಘ ಕಟ್ಟಿದ್ದರು. ಆದರೆ ಹಾಲಿಗೆ ದಾರಿ ತೋರಿದ್ದು ಆನಂದ್. 2023ರ ಏಪ್ರಿಲಿನಲ್ಲಿ ಅದೇ ಅಮುಲ್ ಬೆಂಗಳೂರಿಗೆ ಹಾಲು ತರುತ್ತದೆ ಎಂದಾಗ ನಂದಿನಿಯನ್ನು ಉಳಿಸಿ ಎಂದು ಎಷ್ಟು ಗಲಾಟೆಯಾಯಿತು, ನೆನಪಿರಬಹುದು. ಪೋಲ್ಸನ್‌ನನ್ನು ಓಡಿಸಿದವರನ್ನು ನಮ್ಮವರು ಪೋಲ್ಸನ್ ಎಂಬಂತೆ ಕಂಡರು. ನಾವೂ ಆಗ ಕೂಗಿದವರೇ.

ಈಗ ನಮ್ಮದೇ ಸಂಘದ ಒಂದು ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆವು. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಒಳ್ಳೆಯದನ್ನೇ ಬರೆಯಬೇಕು ಎಂಬವರಿದ್ದಾರೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಮ್ಮ ಕೌಂಟರಿನಲ್ಲಿ ಒಬ್ಬ ಹೆಂಗಸಿನ ಹಾಲು ಡಿಗ್ರಿ ಬರಲಿಲ್ಲ ಎಂದು ವಾಪಸಾಯಿತು. ಒಂದೇ ದನ ಇಟ್ಟುಕೊಂಡು ಸಂಸಾರ ನಡೆಸುವ ವಿಧವೆ. ಪರೀಕ್ಷೆ ಯಂತ್ರ ಒಳಗಿನ ಕೋಣೆಯಲ್ಲಿತ್ತು, ಕಿಟಕಿಯ ಈಚೆ ನಿಂತವರಿಗೆ ಅದರ ಅಂಕಿ ಕಾಣುತ್ತಿರಲಿಲ್ಲ. ಅವರು "ಯಂತ್ರ ಏನು ತೋರಿಸಿತು, ನಮಗೂ ತೋರಿಸಿ" ಎಂದರು. ಸಿಬ್ಬಂದಿ "ನಿಮಗೆ ಅದೆಲ್ಲ ಅರ್ಥವಾಗುವುದಿಲ್ಲ" ಎಂದರು. ನಿರ್ದೇಶಕರಾದ ನಾವು ಅಲ್ಲೇ ಸಾಲಿನಲ್ಲಿ ನಮ್ಮ ಕ್ಯಾನು ಹಿಡಿದು ನಿಂತಿದ್ದೆವು. ಹೊತ್ತಾಗುತ್ತದೆ ಎಂದು ಸುಮ್ಮನಿದ್ದೆವು. ಆಕೆ ಹಾಲನ್ನು ಅಲ್ಲೇ ಅಂಗಳದ ತೆಂಗಿನ ಬುಡಕ್ಕೆ ಸುರಿದು, ನಮ್ಮನ್ನು ನೋಡಿ, "ನೀವು ಸಣ್ಣವರಿರುವಾಗ ಹೋಟೆಲಿನಿಂದ ಹಾಲು ವಾಪಸು ಹೊತ್ತು ಬರುತ್ತಿದ್ದಿರಿ ಅಲ್ವಾ, ಮರೆತು ಹೋಯಿತಾ?" ಎಂದು ಕೇಳಿ ಹೋದರು.

ಆ ವರ್ಷದ ಮಹಾಸಭೆಯಲ್ಲಿ ನಾವು ಆ ವಿಷಯ ಎತ್ತಿದೆವು. ಚರ್ಚೆ ಬಿಸಿಯೇ ಆಯಿತು, ಸಂಘದ ಮರ್ಯಾದೆ ತೆಗೆಯುತ್ತೀರಿ ಎಂದು ನಮಗೆ ಬೈದವರೂ ಉಂಟು. ಕೊನೆಗೆ ಯಂತ್ರವನ್ನು ಕಿಟಕಿಯ ಬಳಿ, ಅಂಕಿ ಹೊರಗೆ ಕಾಣುವ ಹಾಗೆ ಇಡುವುದೆಂದು ಠರಾವು ಮಾಡಿದೆವು. ಈಗ ಹಾಗೇ ಇದೆ. ಸದಸ್ಯರು ಬೇಕೆಂದರೆ ಎರಡನೇ ಸಲ ಪರೀಕ್ಷೆ ಮಾಡಬೇಕೆಂಬ ನಿಯಮವನ್ನೂ ಮಾಡಿದೆವು, ಅದು ಕೆಲವು ದಿನ ನಡೆಯುತ್ತದೆ, ಗಡಿಬಿಡಿಯ ದಿನ ನಡೆಯುವುದಿಲ್ಲ, ಸುಳ್ಳು ಹೇಳಬಾರದು. ಆ ತಾಯಿ ಒಂದು ವರ್ಷ ಖಾಸಗಿ ಗಾಡಿಯವರಿಗೆ ಹಾಲು ಹಾಕಿ, ಮತ್ತೆ ಸಂಘಕ್ಕೆ ಬಂದರು. ಗಾಡಿಯವರು ಲೀಟರಿಗೆ ಒಂದು ರೂಪಾಯಿ ಹೆಚ್ಚು ಕೊಡುತ್ತಿದ್ದರು, ಹಾಲು ಜಾಸ್ತಿಯಾದ ತಿಂಗಳಲ್ಲಿ ಬರುವುದನ್ನೇ ನಿಲ್ಲಿಸಿದರಂತೆ. ವಾಪಸು ಬಂದ ದಿನ ಅವರು ಮಾಡಿದ ಮೊದಲ ಕೆಲಸ ಕಿಟಕಿಗೆ ಬಗ್ಗಿ ಅಂಕಿ ನೋಡಿದ್ದು.

ಅಜ್ಜಿಯ ಅಟ್ಟದ ಡಬ್ಬಿಯನ್ನು ಈಚೆಗೆ ಹುಡುಕಿ ಇಳಿಸಿದೆವು. ಬಣ್ಣ ಬಹಳ ಹೋಗಿದೆ, ಹೆಸರು ಮಾತ್ರ ಓದಬಹುದು. ಒಳಗೆ ಬೂದಿಯೊಳಗೆ ನಾಲ್ಕು ಅಲಸಂಡೆ ಬೀಜ ಇದ್ದವು, ಬಿತ್ತಿ ನೋಡಿದೆವು, ಮೊಳಕೆ ಬರಲಿಲ್ಲ. ಬೆಳ್ಳಿಹಬ್ಬದ ದಿನ ಡಬ್ಬಿಯನ್ನು ಸಂಘದ ಕಚೇರಿಯಲ್ಲಿ, ಪರೀಕ್ಷೆ ಯಂತ್ರದ ಪಕ್ಕದ ಕಪಾಟಿನಲ್ಲಿ ಇಡುತ್ತೇವೆ. ಬಂದವರು ನೋಡಬಹುದು. ಎತ್ತುವಾಗ ಮಾತ್ರ ಸ್ವಲ್ಪ ಜಾಗ್ರತೆ, ತಳಕ್ಕೆ ತುಕ್ಕು ಹಿಡಿದಿದೆ.